ಲ್ಯಾಂಪ್ ರೂಮಿನ ಲೆಕ್ಕ

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಮುಗಿಸಿಯೇ ಬರುವುದೆಂದು ಲ್ಯಾಪ್‌ಟಾಪಿನ ಜೊತೆಗೆ ಒಂದು ಚೀಲ ಜೆರಾಕ್ಸ್ ಪ್ರತಿಗಳನ್ನೂ ಹೊತ್ತುಕೊಂಡು ಹೋಗಿದ್ದೆ. ಊರು ಎಂದರೆ ಕೋಲಾರ ತಾಲ್ಲೂಕಿನ ಕ್ಯಾಲನೂರು. ಅಧ್ಯಾಯ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಬಂದ ಕಾಲದ್ದು. ಅದು ಮುಗಿಯಲಿಲ್ಲ. ನಾಲ್ಕು ದಿನ ನಾನು, ಚಿಕ್ಕಪ್ಪನ ಮಗ ಮತ್ತು ಅಜ್ಜಿಯ ತಮ್ಮ ಮೂವರೂ ಜಗಲಿಯ ಮೇಲೆ ಕೂತು ಒಂದು ಆಟದ ಬಂದೂಕಿನ ಬ್ಯಾಟರಿ ಯಾಕೆ ನಿಲ್ಲುತ್ತಿಲ್ಲ ಎಂದು ಹುಡುಕಿದೆವು. ಆ ನಾಲ್ಕು ದಿನಗಳು ನನ್ನ ಅಧ್ಯಾಯದ ದಾರಿಯನ್ನೇ ಬದಲಾಯಿಸಿದವು.

ಚಿಕ್ಕಪ್ಪನ ಮಗನಿಗೆ ಇಪ್ಪತ್ತೊಂದು ವರ್ಷ. ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿರುವ ಒಂದು ಆಟದ ಮೈದಾನದಲ್ಲಿ ಕೆಲಸಕ್ಕಿದ್ದಾನೆ. ಶನಿವಾರ, ಭಾನುವಾರ ಬೆಂಗಳೂರಿನ ಕಂಪನಿಗಳವರು ಬಂದು ಅಲ್ಲಿ ಪೇಂಟ್‌ಬಾಲ್ ಆಡುತ್ತಾರೆ. ಎರಡು ಗುಂಪು, ಮುಖಕ್ಕೆ ಮುಸುಕು, ಕೈಯಲ್ಲಿ ಬಣ್ಣದ ಗುಂಡು ಹಾರಿಸುವ ಬಂದೂಕು. ಬಣ್ಣ ಮೈಗೆ ಬಿದ್ದವನು ಆಟದಿಂದ ಹೊರಗೆ. ಬಂದೂಕುಗಳನ್ನು ತೊಳೆದು, ಗಾಳಿ ತುಂಬಿಸಿ, ಬ್ಯಾಟರಿ ಚಾರ್ಜ್ ಮಾಡಿ ಇಡುವುದು ಇವನ ಕೆಲಸ. ಅಲ್ಲಿ ಹೆಚ್ಚಿನ ಬಂದೂಕುಗಳು ಬರೀ ಗಾಳಿಯ ಒತ್ತಡದವು. ದುಬಾರಿಯ ಕೆಲವು ಮಾತ್ರ ಎಲೆಕ್ಟ್ರಾನಿಕ್. ಅವುಗಳಲ್ಲಿ ಒಂದನ್ನು ಚೀಲದಲ್ಲಿ ಸುತ್ತಿ ತಂದಿದ್ದ; ಜೊತೆಗೆ ಆರು ಚೌಕಾಕಾರದ ಒಂಬತ್ತು ವೋಲ್ಟಿನ ಬ್ಯಾಟರಿಗಳು ಮತ್ತು ಒಂದು ಚಾರ್ಜರ್.

"ಅಕ್ಕಾ, ಚಾರ್ಜಿಗೆ ಹಾಕಿದ್ರೆ ಲೈಟ್ ಉರೀತೈತೆ. ತೆಗೆದು ಗನ್ನಿಗೆ ಹಾಕಿದ್ರೆ ಹತ್ತು ಗುಂಡು ಹೊಡೆಯೋಷ್ಟ್ರಲ್ಲಿ ಸತ್ತೋಗ್ತೈತೆ. ಎಲ್ಲಾ ನೀನೇ ಹಾಳ್ ಮಾಡಿದ್ದು, ಸಂಬಳದಾಗೆ ಹಿಡೀತೀನಿ ಅಂದವ್ರೆ" ಎಂದ.

ಆರು ಬ್ಯಾಟರಿ, ಒಂದು ಚಾರ್ಜರ್, ಬಂದೂಕಿನೊಳಗಿನ ಬೋರ್ಡು. ಎಲ್ಲದರ ಬೆಲೆ ಸೇರಿಸಿದರೆ ಅವನ ಒಂದು ತಿಂಗಳ ಸಂಬಳಕ್ಕೆ ಹತ್ತಿರ ಬರುತ್ತಿತ್ತು. ಹಬ್ಬದ ಮನೆಯಲ್ಲಿ ಅವನೊಬ್ಬ ಸಪ್ಪಗೆ ಕೂತಿದ್ದಕ್ಕೆ ಕಾರಣ ಅದು.

*

ಈ ಆಟದ ಇತಿಹಾಸ ತೀರಾ ಚಿಕ್ಕದು. 1970ರ ದಶಕದಲ್ಲಿ ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಕಾಡಿನಲ್ಲಿ ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ಒಂದು ಪಿಸ್ತೂಲು ಮಾರುತ್ತಿತ್ತು. ದನಗಳ ಹಿಂಡಿನಲ್ಲಿ ಗುರುತು ಹಾಕಲೂ ಅದನ್ನು ಬಳಸುತ್ತಿದ್ದರು. ಅದಕ್ಕೇ ಇವತ್ತಿಗೂ ಆಡುವವರು ಇದನ್ನು ಬಂದೂಕು ಎನ್ನದೆ ಮಾರ್ಕರ್, ಅಂದರೆ ಗುರುತು ಹಾಕುವ ಸಾಧನ, ಎನ್ನುತ್ತಾರೆ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಹೆನಿಕರ್ ಎಂಬಲ್ಲಿ ಹನ್ನೆರಡು ಮಂದಿ ಕಾಡಿಗೆ ಹೋಗಿ ಈ ಪಿಸ್ತೂಲುಗಳಿಂದ ಮೊದಲ ಆಟ ಆಡಿದರು. 1990ರ ದಶಕದ ನಡುಭಾಗದ ಹೊತ್ತಿಗೆ ಮಾರ್ಕರ್ ಒಳಗೆ ಎಲೆಕ್ಟ್ರಾನಿಕ್ ಬೋರ್ಡು ಬಂತು. ಅಲ್ಲಿಯವರೆಗೆ ಕುದುರೆ ಎಳೆದರೆ ಸ್ಪ್ರಿಂಗು ಬಿಟ್ಟುಕೊಂಡು ಗಾಳಿಯ ಬಾಗಿಲು ತೆರೆಯುತ್ತಿತ್ತು. ಈಗ ಕುದುರೆ ಒಂದು ಸಣ್ಣ ಸ್ವಿಚ್ಚನ್ನು ಒತ್ತುತ್ತದೆ, ಬೋರ್ಡು ಸೊಲೆನಾಯ್ಡ್ ಎಂಬ ತಂತಿಸುರುಳಿಗೆ ಕ್ಷಣಮಾತ್ರ ವಿದ್ಯುತ್ ಹರಿಸುತ್ತದೆ, ಸುರುಳಿ ಅಯಸ್ಕಾಂತವಾಗಿ ಗಾಳಿಯ ಬಾಗಿಲನ್ನು ಎಳೆಯುತ್ತದೆ. ಗುಂಡನ್ನು ತಳ್ಳುವುದು ಗಾಳಿಯೇ. ಬ್ಯಾಟರಿಯ ಕೆಲಸ ಬಾಗಿಲು ತೆರೆಯುವುದಷ್ಟೇ. ಆದರೆ ಆ ಒಂದು ಕ್ಷಣಕ್ಕೆ ಅದು ಒಮ್ಮೆಲೇ ಜೋರಾಗಿ ವಿದ್ಯುತ್ ಕೊಡಬೇಕು. ಕೊಡಲಾರದಿದ್ದರೆ ಬಾಗಿಲು ಅರ್ಧ ತೆರೆಯುತ್ತದೆ, ಗುಂಡು ನಳಿಕೆಯಲ್ಲೇ ನಿಲ್ಲುತ್ತದೆ ಅಥವಾ ಒಡೆಯುತ್ತದೆ, ಇಲ್ಲವೇ ಬೋರ್ಡೇ ಆರಿಹೋಗುತ್ತದೆ.

ಇಷ್ಟನ್ನು ನಾನು ಫೋನಿನಲ್ಲಿ ಓದಿ ತಿಳಿದುಕೊಳ್ಳುವ ಹೊತ್ತಿಗೆ ತಾತ ಬಂದರು.

ಅಜ್ಜಿಯ ತಮ್ಮ ಆದರೂ ನಮಗೆಲ್ಲ ಅವರು ತಾತನೇ. ಕೋಲಾರದ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷಕ್ಕೆ ಹತ್ತಿರ ದುಡಿದವರು. ಮೊದಲು ಕೆಳಗೆ ಇಳಿಯುತ್ತಿದ್ದರು. ಕಾಲಿಗೆ ಪೆಟ್ಟಾದ ಮೇಲೆ ಲ್ಯಾಂಪ್ ರೂಮಿಗೆ ಬಂದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ರಾಬರ್ಟ್‌ಸನ್‌ಪೇಟೆಯ ಮನೆ ಖಾಲಿ ಮಾಡಿ ಕ್ಯಾಲನೂರಿಗೆ ಬಂದು ಹಿಪ್ಪುನೇರಳೆ ತೋಟ ಹಾಕಿದರು. ಗಣಿಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ನಾನು ಅವರನ್ನು ಹಲವು ಸಲ ಮಾತಾಡಿಸಿದ್ದೆ. ಕೇಳಿದ್ದೆಲ್ಲ ಆಳ, ಅಪಘಾತ, ಮುಷ್ಕರ, ದೊರೆಗಳು. ಲ್ಯಾಂಪ್ ರೂಮಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅವರು ಬ್ಯಾಟರಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ನಂಬರ್ ಎಲ್ಲಿ?"

"ನಂಬರ್ ಇಲ್ಲ ತಾತ."

"ನಂಬರ್ ಇಲ್ದೆ ಯಾವ್ದು ಕೆಟ್ಟಿದೆ ಅಂತ ಹೆಂಗ್ ಹೇಳ್ತೀರಪ್ಪಾ?"

*

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ಯಾಟರಿಯ ಚರಿತ್ರೆ ಶುರುವಾಗುವುದೇ ದೋಷ, ಅಂದರೆ ಕಾರಣ, ಎಲ್ಲಿದೆ ಎಂಬ ಜಗಳದಿಂದ. 1791ರಲ್ಲಿ ಇಟಲಿಯ ಲುಯಿಗಿ ಗಾಲ್ವಾನಿ ಒಂದು ಪುಸ್ತಕ ಪ್ರಕಟಿಸಿದ. ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹ ತಾಗಿಸಿದರೆ ಕಾಲು ಜಾಡಿಸುತ್ತದೆ. ಆದ್ದರಿಂದ ವಿದ್ಯುತ್ತು ಕಪ್ಪೆಯ ದೇಹದಲ್ಲಿದೆ ಎಂಬುದು ಅವನ ವಾದ. ಅವನ ನಾಡಿನವನೇ ಆದ ಅಲೆಸ್ಸಾಂದ್ರೊ ವೋಲ್ಟಾಗೆ ಅನುಮಾನ. ಕಪ್ಪೆಯನ್ನೇ ತೆಗೆದುಬಿಟ್ಟು, ತಾಮ್ರ ಅಥವಾ ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿ ನೋಡಿದ. ವಿದ್ಯುತ್ತು ಬಂತು. 1800ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ. ಅದೇ ಮೊದಲ ಬ್ಯಾಟರಿ. ಒಂದು ಭಾಗವನ್ನು ತೆಗೆದು, ಅದಿಲ್ಲದೆಯೂ ಕೆಲಸ ನಡೆಯುತ್ತದೆಯೇ ಎಂದು ನೋಡುವುದು ವೋಲ್ಟಾ ಮಾಡಿದ ಕೆಲಸ. ರಿಪೇರಿ ಮಾಡುವ ಯಾರೇ ಆದರೂ ಇವತ್ತಿಗೂ ಅದನ್ನೇ ಮಾಡುತ್ತಾರೆ.

ವೋಲ್ಟಾನ ಬ್ಯಾಟರಿ ಒಮ್ಮೆ ಮುಗಿದರೆ ಮುಗಿಯಿತು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿಟ್ಟು, ಹೊರಗಿನಿಂದ ವಿದ್ಯುತ್ ಹರಿಸಿದರೆ ಮತ್ತೆ ಮತ್ತೆ ತುಂಬಿಕೊಳ್ಳುವ ಬ್ಯಾಟರಿ ಮಾಡಿದ. ನಮ್ಮ ಟ್ರ್ಯಾಕ್ಟರ್, ಯುಪಿಎಸ್‌ಗಳಲ್ಲಿ ಇವತ್ತೂ ಇರುವುದು ಅದರ ಮೊಮ್ಮಗನೇ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕೆಲ್ ಮತ್ತು ಕ್ಯಾಡ್ಮಿಯಂ ಬಳಸಿದ. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಡಿಸನ್ ನಿಕ್ಕೆಲ್ ಮತ್ತು ಕಬ್ಬಿಣದ ಬ್ಯಾಟರಿ ಮಾಡಿದ.

ನಾವು ಬ್ಯಾಟರಿಯನ್ನು ಕೊಡದ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ನೀರು ತುಂಬಿಸುವುದು, ಮೊಗೆಯುವುದು. ಆದರೆ ಒಳಗೆ ನಡೆಯುವುದು ರಾಸಾಯನಿಕ ಕ್ರಿಯೆ. ಬಳಸುವಾಗ ಒಂದು ದಿಕ್ಕಿಗೆ, ಚಾರ್ಜ್ ಮಾಡುವಾಗ ಅದರ ತಿರುಗಾ ದಿಕ್ಕಿಗೆ. ಪ್ರತಿಸಲವೂ ಅದು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಸ್ವಲ್ಪ ಉಳಿದುಬಿಡುತ್ತದೆ. ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಹಾಗೇ ಬಿಟ್ಟರೆ ಫಲಕದ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳು ಕಟ್ಟುತ್ತದೆ. ಅದು ಕಟ್ಟಿದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ. ಹಾಗಾಗಿ ಚಾರ್ಜ್ ಮಾಡುವುದು ಒಂದು ಆರೈಕೆ. ಆ ಆರೈಕೆಯನ್ನು ಯಾರೋ ಒಬ್ಬರು ದಿನವೂ ಮಾಡಬೇಕು.

*

ಕೋಲಾರದ ವಿದ್ಯುತ್ತಿನ ಕಥೆಯನ್ನು ಎಲ್ಲರೂ ತಂತಿಯ ಕಥೆಯಾಗಿ ಹೇಳುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಕೈಹಾಕಿತು. ಗಣಿ ಆಳಕ್ಕೆ ಇಳಿದಂತೆ ನೀರೆತ್ತಲು, ಗಾಳಿ ಊದಲು, ಕಲ್ಲು ಪುಡಿ ಮಾಡಲು ಸೌದೆ ಮತ್ತು ಕಲ್ಲಿದ್ದಲಿನ ಹಬೆ ಸಾಲದಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಶುರುವಾಯಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಂದಿನ ಜಗತ್ತಿನ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ. ಯೋಜನೆಯನ್ನು ಮುಂದೆ ನಿಂತು ನಡೆಸಿದ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು.

ಈ ಕಥೆ ನಿಜ. ಆದರೆ ತಂತಿ ಎಲ್ಲಿಯವರೆಗೆ ಹೋಯಿತು? ಯಂತ್ರಗಳವರೆಗೆ. ಬಂಡೆಯ ಮುಂದೆ ಕೂತು ತೂತು ಕೊರೆಯುವವನ ಕಣ್ಣ ಮುಂದಿನ ಕತ್ತಲೆಗೆ ತಂತಿ ಎಳೆಯಲು ಬರುವುದಿಲ್ಲ. ಅವನು ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿರುತ್ತಾನೆ, ಸಿಡಿಮದ್ದು ಸಿಡಿಯುತ್ತದೆ, ಬಂಡೆ ಕುಸಿಯುತ್ತದೆ. ಅವನ ಬೆಳಕು ಅವನ ಮೈಮೇಲೆಯೇ ಇರಬೇಕು.

ಕೋಲಾರದ ಗಣಿಗಳಿಗೆ ಕೆಲಸ ಕಲಿಸಲು ಬಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದವರು ಬಹಳ. ಅವರ ನಾಡಿನ ತವರ, ತಾಮ್ರದ ಗಣಿಗಳಲ್ಲಿ ಗಟ್ಟಿ ಟೋಪಿಯ ಮುಂದೆ ಒಂದು ಉಂಡೆ ಜೇಡಿಮಣ್ಣು ಮೆತ್ತಿ ಅದಕ್ಕೆ ಮೋಂಬತ್ತಿ ಚುಚ್ಚಿಕೊಳ್ಳುವ ಪದ್ಧತಿಯಿತ್ತು. ಕಲ್ಲಿದ್ದಲ ಗಣಿಯಲ್ಲಾದರೆ ಬರಿಯ ಜ್ವಾಲೆ ಮೀಥೇನಿಗೆ ತಗುಲಿ ಸ್ಫೋಟವಾಗುತ್ತದೆ. ಅದಕ್ಕೇ 1815ರಲ್ಲಿ ಹಂಫ್ರಿ ಡೇವಿ ಜಾಲರಿ ಕಟ್ಟಿದ ದೀಪ ಮಾಡಿದ. ಆ ಭಯ ಅಷ್ಟಾಗಿ ಇಲ್ಲದ ಲೋಹದ ಗಣಿಗಳಲ್ಲಿ ಜ್ವಾಲೆಯ ದೀಪಗಳೇ ಬಹುಕಾಲ ನಡೆದವು. ಮೋಂಬತ್ತಿಯ ನಂತರ ಕಾರ್ಬೈಡ್ ದೀಪ ಬಂತು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಬರುವ ಅನಿಲವನ್ನು ಉರಿಸುವ ದೀಪ ಅದು. ಟೋಪಿಯ ಮೇಲೆ ವಿದ್ಯುತ್ ದೀಪ, ಸೊಂಟದಲ್ಲಿ ಚಾರ್ಜ್ ಮಾಡಬಹುದಾದ ಬ್ಯಾಟರಿ, ನಡುವೆ ಬೆನ್ನ ಮೇಲೆ ಹಾದುಹೋಗುವ ವೈರು, ಹೀಗಿರುವ ಕ್ಯಾಪ್ ಲ್ಯಾಂಪ್ ಅಮೆರಿಕದ ಗಣಿಗಳಿಗೆ ಬಂದದ್ದು 1910ರ ದಶಕದಲ್ಲಿ. ಎಡಿಸನ್ನನ ನಿಕ್ಕೆಲ್-ಕಬ್ಬಿಣದ ಬ್ಯಾಟರಿಗೆ ಅಲ್ಲೊಂದು ದೊಡ್ಡ ಗಿರಾಕಿ ಸಿಕ್ಕಂತಾಯಿತು. ಆಮೇಲೆ ನಾಲ್ಕು ವೋಲ್ಟಿನ ಸೀಸದ ಬ್ಯಾಟರಿಗಳು ಬಂದವು. ತಾತ ಕಟ್ಟಿಕೊಂಡಿದ್ದು ಅಂಥದ್ದು. ಎರಡು ಕಿಲೋಗೂ ಹೆಚ್ಚು ತೂಕ.

ಇಲ್ಲಿ ಇನ್ನೊಂದು ತೊಡಕಿದೆ. ಶಿವನಸಮುದ್ರದಿಂದ ಬರುತ್ತಿದ್ದದ್ದು ಸೆಕೆಂಡಿಗೆ 25 ಸಲ ದಿಕ್ಕು ತಿರುಗಿ ಬರುವ ಪರ್ಯಾಯ ವಿದ್ಯುತ್ತು, ಎಸಿ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ಡಿಸಿ. ನೇರವಾಗಿ ಎಸಿ ಕೊಟ್ಟರೆ ಒಂದು ಗಳಿಗೆ ತುಂಬಿದ್ದನ್ನು ಮರುಗಳಿಗೆ ತೆಗೆದ ಹಾಗಾಗುತ್ತದೆ. ಎಸಿಯನ್ನು ಡಿಸಿ ಮಾಡಿ, ವೋಲ್ಟ್ ಇಳಿಸಿ, ಬ್ಯಾಟರಿ ತಾಳುವಷ್ಟು ಮಾತ್ರ ಹರಿಸುವ ಸಾಧನಕ್ಕೆ ಚಾರ್ಜರ್ ಎನ್ನುತ್ತೇವೆ. ಶತಮಾನದ ಆರಂಭದಲ್ಲಿ ಈ ಕೆಲಸಕ್ಕೆ ಮೋಟಾರಿಗೆ ಜನರೇಟರ್ ಜೋಡಿಸುತ್ತಿದ್ದರು. ಆಮೇಲೆ ಪಾದರಸದ ರೆಕ್ಟಿಫೈಯರ್, ಸೆಲೆನಿಯಂ ಫಲಕ, ಕೊನೆಗೆ ಸಿಲಿಕಾನ್ ಡಯೋಡು ಬಂದವು. ಒಂದು ಕೋಣೆ ತುಂಬ ಇದ್ದದ್ದು ಈಗ ಅಂಗೈಯಲ್ಲಿ ಹಿಡಿಸುತ್ತದೆ. ನಮ್ಮ ಹುಡುಗ ತಂದದ್ದು ಅಂಥ ಒಂದು. ಎರಡು ಬ್ಯಾಟರಿ ಕೂರಿಸುವ ಎರಡು ಗೂಡು, ಒಂದು ಕೆಂಪು ದೀಪ.

*

ತಾತ ಹೇಳಿದ ಲ್ಯಾಂಪ್ ರೂಮು ಹೀಗಿತ್ತು. ಸಾಲುಸಾಲು ಕಬ್ಬಿಣದ ಚೌಕಟ್ಟು. ಪ್ರತಿ ದೀಪಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ಜಾಗ. ಶಿಫ್ಟು ಮುಗಿಸಿ ಬಂದವನು ದೀಪ ಕೊಟ್ಟು ತನ್ನ ಬಿಲ್ಲೆ ತೆಗೆದುಕೊಳ್ಳುತ್ತಾನೆ. ಬಿಲ್ಲೆ ಉಳಿದಿದೆ, ದೀಪ ಬಂದಿಲ್ಲ ಎಂದರೆ ಒಬ್ಬ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಎಂದು ಅರ್ಥ. ಶಿಲಾಸ್ಫೋಟವಾದ ದಿನ ಎಲ್ಲರೂ ಮೊದಲು ಓಡಿ ಬರುತ್ತಿದ್ದದ್ದು ಆ ಕಿಟಕಿಗೆ. ಬಂದ ದೀಪದ ತಲೆಯನ್ನು ಚಾರ್ಜಿಂಗ್ ಕೀಲಿಗೆ ಸಿಕ್ಕಿಸಿ ತಿರುಗಿಸಬೇಕು. ಎಂಟು ಗಂಟೆ ಉರಿದ ದೀಪಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಚಾರ್ಜು. ನೀರು ಕಮ್ಮಿಯಾದರೆ ಡಿಸ್ಟಿಲ್ಡ್ ವಾಟರ್. ತುದಿಗೆ ಹಸಿರು, ಬಿಳಿ ಕಿಲುಬು ಹತ್ತಿದ್ದರೆ ಉಜ್ಜಿ ತೆಗೆಯುವುದು.

"ಪುಸ್ತಕ ಒಂದಿತ್ತು" ಎಂದರು ತಾತ. "ಇಂಥ ನಂಬರು ಇಂಥ ದಿನ ಮಂಕಾಗಿ ಬಂತು ಅಂತ ಬರೀಬೇಕು. ಒಂದೇ ನಂಬರು ಮೂರು ಸಲ ಬಂದ್ರೆ ದೀಪದ್ದೇ ತಪ್ಪು. ಬೇರೆ ಬೇರೆ ನಂಬರು, ಒಂದೇ ಜಾಗದಾಗೆ ಚಾರ್ಜ್ ಆಗಿದ್ದು ಅಂದ್ರೆ ಆ ಜಾಗದ್ದು ತಪ್ಪು. ಬೇರೆ ನಂಬರು, ಬೇರೆ ಜಾಗ, ಮನುಷ್ಯ ಮಾತ್ರ ಒಬ್ನೇ ಅಂದ್ರೆ, ಅವಾಗ ಅವನ್ನ ಕರೆದು ಕೇಳ್ಬೇಕು. ಅದಕ್ಕೂ ಮೊದ್ಲು ಕೇಳ್ಬಾರ್ದು."

ನಾನು ಇದನ್ನು ಅಲ್ಲಿಯೇ ಜೆರಾಕ್ಸ್ ಹಾಳೆಯ ಹಿಂದೆ ಬರೆದುಕೊಂಡೆ. ಗಣಿ ಎಂದರೆ ಕಾರ್ಮಿಕನನ್ನು ಅನುಮಾನದಿಂದ ನೋಡುವ ಜಾಗ. ಚಿನ್ನ ಕದ್ದಾನು ಎಂಬ ಭಯಕ್ಕೆ ಮೈ ತಡಕಿ ಕಳಿಸುತ್ತಿದ್ದರು. 1930ರಲ್ಲಿ ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಕ್ರಮದ ವಿರುದ್ಧ ಇಲ್ಲಿಯ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದ್ದರು. ನಮ್ಮನ್ನೆಲ್ಲ ಕಳ್ಳರ ಹಾಗೆ ಲೆಕ್ಕ ಹಾಕುತ್ತೀರಾ ಎಂಬ ಸಿಟ್ಟು ಅದರಲ್ಲಿತ್ತು. ಅಂಥ ಕಡೆ ಒಂದು ಪುಸ್ತಕ, ಮೊದಲು ವಸ್ತುವನ್ನು ಕೇಳು, ಆಮೇಲೆ ಮನುಷ್ಯನನ್ನು ಕೇಳು ಎನ್ನುವ ಕ್ರಮದಲ್ಲಿ ನಡೆಯುತ್ತಿತ್ತು.

*

ನಾವೂ ಅದೇ ಕ್ರಮ ಹಿಡಿದೆವು. ಆರು ಬ್ಯಾಟರಿಗೂ ಬಿಳಿ ಪಟ್ಟಿ ಅಂಟಿಸಿ 1ರಿಂದ 6 ಎಂದು ಬರೆದೆವು. ಚಾರ್ಜರಿನ ಗೂಡುಗಳಿಗೆ ಎಡ, ಬಲ ಎಂದು ಹೆಸರಿಟ್ಟೆವು. ಊರಿನ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಮಲ್ಟಿಮೀಟರ್ ಇಸಕೊಂಡು ಬಂದೆವು. ಬೋರ್‌ವೆಲ್ ಮೋಟಾರುಗಳು ಸುಡುವ ನಮ್ಮ ಸೀಮೆಯಲ್ಲಿ ಆ ಅಂಗಡಿ ಆಸ್ಪತ್ರೆ ಇದ್ದ ಹಾಗೆ, ದಿನವೂ ಜನ.

"ಒಳ್ಳೇದು ಅಂತ ಗೊತ್ತಿರೋದ್ರಿಂದ ಶುರು ಮಾಡು" ಎಂದರು ತಾತ. ಅಂಗಡಿಯಿಂದ ಹೊಸದೊಂದು ಆಲ್ಕಲೈನ್ ಬ್ಯಾಟರಿ ತಂದು ಬಂದೂಕಿಗೆ ಹಾಕಿದೆವು. ಗುಂಡಿಲ್ಲದೆ, ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ನಳಿಕೆಯನ್ನು ಗೋಡೆಯ ಕಡೆ ತಿರುಗಿಸಿ ಕುದುರೆ ಎಳೆದ. ಸೊಲೆನಾಯ್ಡ್ ಟಿಕ್ ಟಿಕ್ ಎಂದಿತು. ಇಪ್ಪತ್ತು, ಐವತ್ತು, ನೂರು ಸಲ. ನಿಲ್ಲಲಿಲ್ಲ. ಬೋರ್ಡು ಕೆಟ್ಟಿಲ್ಲ. ಅವನ ತಲೆಯ ಮೇಲಿನ ದೊಡ್ಡ ಭಾರ ಅಲ್ಲಿಗೇ ಇಳಿಯಿತು. ಇದ್ದದ್ದರಲ್ಲಿ ಬೆಲೆಬಾಳುವುದು ಅದೇ.

ಮುಂದಿನದು ಬ್ಯಾಟರಿ. ಇವು ನಿಕ್ಕೆಲ್-ಮೆಟಲ್ ಹೈಡ್ರೈಡ್ ಜಾತಿಯವು. 1980ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದು ಕ್ಯಾಡ್ಮಿಯಂ ಬ್ಯಾಟರಿಗಳ ಜಾಗ ಹಿಡಿದವು. ಒಂಬತ್ತು ವೋಲ್ಟು ಎಂದು ಕರೆದರೂ ಒಳಗೆ 1.2 ವೋಲ್ಟಿನ ಏಳು ಸಣ್ಣ ಸೆಲ್ಲುಗಳು ಸಾಲಾಗಿರುತ್ತವೆ. ಒಟ್ಟು 8.4. ಮಾಮೂಲಿ ಬ್ಯಾಟರಿಗಿಂತ ಅಷ್ಟು ಕಮ್ಮಿಯಿಂದಲೇ ಇದರ ದಿನ ಶುರುವಾಗುತ್ತದೆ. ಚಾರ್ಜ್ ಮಾಡಿ ಸುಮ್ಮನೆ ಇಟ್ಟರೂ ವಾರಗಳಲ್ಲಿ ತಾನೇ ಇಳಿಯುತ್ತದೆ. ಶನಿವಾರದ ಆಟಕ್ಕೆ ಹಿಂದಿನ ತಿಂಗಳು ಚಾರ್ಜ್ ಮಾಡಿಟ್ಟದ್ದು ಸಾಕಾಗುವುದಿಲ್ಲ.

ಮೀಟರ್ ಇಟ್ಟು ನೋಡಿದರೆ ಆರೂ ಬ್ಯಾಟರಿಗಳು ಎಂಟರ ಆಸುಪಾಸು ತೋರಿಸಿದವು. ಎಲ್ಲವೂ ಚೆನ್ನಾಗಿವೆ ಎನ್ನಬೇಕು. ತಾತ ನಕ್ಕರು. "ಕೆಲಸ ಕೊಡದೆ ಕೂರಿಸಿದ್ರೆ ಎಲ್ಲಾ ಗಟ್ಟಿಗರೇ." ಬ್ಯಾಟರಿ ಕೆಲಸ ಮಾಡುತ್ತಿರುವಾಗ ಅಳೆಯಬೇಕು. ವೈಂಡಿಂಗ್ ಅಂಗಡಿಯ ಅಣ್ಣ ಹಳೆಯ ಬೈಕಿನ ಮೀಟರ್ ಬೋರ್ಡಿನ ಸಣ್ಣ ಬಲ್ಬೊಂದಕ್ಕೆ ಎರಡು ವೈರು ಬೆಸುಗೆ ಹಾಕಿ ಕೊಟ್ಟ. ಬಲ್ಬು ಉರಿಸುತ್ತ ಅಳೆದಾಗ ನಿಜ ಹೊರಬಿತ್ತು. 3 ಮತ್ತು 4 ಎಂಟರ ಹತ್ತಿರವೇ ನಿಂತವು. 2 ಮತ್ತು 5 ನಿಧಾನವಾಗಿ ಏಳಕ್ಕಿಂತ ಕೆಳಗಿಳಿದವು. 1 ಮತ್ತು 6 ಬಲ್ಬು ತಾಗಿಸಿದ ಕೂಡಲೇ ಐದಕ್ಕೆ ಬಿದ್ದವು, ಬಲ್ಬು ಕೆಂಪಗೆ ಮಿಣುಕಿತು. ಬಂದೂಕು ಹತ್ತು ಗುಂಡಿಗೆ ಆರಿಹೋಗುತ್ತಿದ್ದ ಗುಟ್ಟು ಇದು. ಆನ್ ಮಾಡಿದಾಗ ಬೋರ್ಡಿನ ದೀಪ ಉರಿಯಲು ಸಾಕಾಗುವಷ್ಟು ಇತ್ತು. ಸೊಲೆನಾಯ್ಡ್ ಎಳೆದ ಕೂಡಲೇ ಕುಸಿಯುತ್ತಿತ್ತು.

ಈಗ ಎಲ್ಲವನ್ನೂ ಚಾರ್ಜಿಗೆ ಹಾಕಿದೆವು. ಯಾವ ನಂಬರು, ಯಾವ ಗೂಡು, ಎಷ್ಟು ಗಂಟೆ, ಬಲ್ಬಿಟ್ಟಾಗ ಎಷ್ಟು ವೋಲ್ಟು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆವು. ನಡುವೆ ಕರೆಂಟು ಹೋದ ಹೊತ್ತನ್ನೂ ಬರೆಯಬೇಕೆಂದು ತಾತನ ಹಠ. ಎರಡನೆಯ ದಿನ ಸಂಜೆಗೆ ಪುಟ ನೋಡಿದವರಿಗೆ ಯಾರಿಗಾದರೂ ಕಾಣುವಂತಿತ್ತು. ಬಲ ಗೂಡಿನಲ್ಲಿದ್ದ 2 ಚೇತರಿಸಿಕೊಂಡಿತ್ತು. ಎಡ ಗೂಡಿನಲ್ಲಿದ್ದ 5 ಇದ್ದಲ್ಲೇ ಇತ್ತು. ಅದಲುಬದಲು ಮಾಡಿದಾಗ 5 ಕೂಡ ಚೇತರಿಸಿಕೊಂಡಿತು. ಚಾರ್ಜರಿನ ಎಡ ಗೂಡು ಚಾರ್ಜ್ ಮಾಡುತ್ತಲೇ ಇರಲಿಲ್ಲ.

ಆದರೆ ಖಾಲಿ ಗೂಡಿಗೆ ಮೀಟರ್ ಇಟ್ಟರೆ ಎಡ, ಬಲ ಎರಡೂ ಒಂದೇ ವೋಲ್ಟು ತೋರಿಸುತ್ತಿದ್ದವು. ಕೆಂಪು ದೀಪವೂ ಉರಿಯುತ್ತಿತ್ತು. ಹುಡುಗ ಇಷ್ಟು ದಿನ ನಂಬಿದ್ದು ಆ ದೀಪವನ್ನು. ಬ್ಯಾಟರಿ ತೆಗೆದರೂ ಅದು ಉರಿಯುತ್ತದೆ ಎಂದು ಆಗ ಕಂಡೆವು. ಪ್ಲಗ್ಗಿಗೆ ಕರೆಂಟು ಬಂದಿದೆ ಎಂದಷ್ಟೇ ಅದು ಹೇಳುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಎಡ ಗೂಡಿನ ಒಂದು ತಗಡು ಸ್ವಲ್ಪ ಒಳಕ್ಕೆ ಬಾಗಿತ್ತು, ಅದರ ಮೇಲೆ ಹಸಿರು ಬಣ್ಣದ ತೆಳು ಪೊರೆ. ಪೇಂಟ್‌ಬಾಲ್ ಗುಂಡಿನ ಹೊರಚಿಪ್ಪು ಜೆಲಟಿನ್ನಿನದು, ಒಳಗೆ ನೀರಿನಲ್ಲಿ ಕರಗುವ ಬಣ್ಣದ ಜಿಡ್ಡು. ಬಟ್ಟೆಯಿಂದ ಸುಲಭವಾಗಿ ಹೋಗಲೆಂದು ಹಾಗೆ ಮಾಡಿರುತ್ತಾರೆ. ಬಣ್ಣ ಮೆತ್ತಿದ ಕೈಯಲ್ಲಿ ಬ್ಯಾಟರಿ ಬದಲಾಯಿಸಿ, ಅದೇ ಬ್ಯಾಟರಿಯನ್ನು ಚಾರ್ಜರಿಗೆ ಕೂರಿಸಿ, ತಿಂಗಳುಗಟ್ಟಲೆ ಒಣಗಿದ್ದ ಪೊರೆ ಅದು. ಪ್ಲಗ್ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ಟಿನಲ್ಲಿ ಇನ್ನೊಮ್ಮೆ ಒರೆಸಿ, ಒಣಗಲು ಬಿಟ್ಟು, ತಗಡನ್ನು ಕಡ್ಡಿಯಿಂದ ಮೆಲ್ಲಗೆ ಮುಂದಕ್ಕೆ ಎಳೆದೆವು. ಮೂರನೆಯ ದಿನ ಎಡ ಗೂಡೂ ಕೆಲಸ ಮಾಡಿತು.

1 ಮತ್ತು 6 ಮಾತ್ರ ಏನು ಮಾಡಿದರೂ ಏಳಲಿಲ್ಲ. 6ರ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಅದನ್ನು ಮತ್ತೆ ಚಾರ್ಜಿಗೆ ಹಾಕಲು ತಾತ ಬಿಡಲಿಲ್ಲ. ಯಾಕೆ ಸತ್ತವು ಎಂದು ಕೇಳಿದಾಗ ಹುಡುಗ ತಾನಾಗಿಯೇ ಹೇಳಿದ. ಮಳೆಗಾಲದಲ್ಲಿ ಆಟ ಇಲ್ಲದಿದ್ದಾಗ ಎರಡು ಬಂದೂಕುಗಳನ್ನು ಆಫ್ ಮಾಡದೆ ಪೆಟ್ಟಿಗೆಗೆ ತುಂಬಿದ್ದನಂತೆ. ಏಳು ಸೆಲ್ಲುಗಳ ಸಾಲಿನಲ್ಲಿ ಎಲ್ಲವೂ ಒಂದೇ ಸಮ ಇರುವುದಿಲ್ಲ. ತೀರಾ ಖಾಲಿಯಾಗುವವರೆಗೂ ಎಳೆದರೆ ಬಡವಾದ ಸೆಲ್ಲು ಮೊದಲು ಬರಿದಾಗುತ್ತದೆ, ಉಳಿದ ಆರು ಅದರ ಮೂಲಕ ವಿದ್ಯುತ್ತನ್ನು ತಳ್ಳಿ ಅದನ್ನು ತಿರುಗಾ ದಿಕ್ಕಿಗೆ ಚಾರ್ಜ್ ಮಾಡಿಬಿಡುತ್ತವೆ. ಹಾಗೆ ಕೆಟ್ಟ ಒಂದು ಸೆಲ್ಲು ಇಡೀ ಬ್ಯಾಟರಿಯನ್ನು ಕೆಡಿಸುತ್ತದೆ.

ಕೊನೆಗೆ ಲೆಕ್ಕ ಹೀಗೆ ಬಂತು. ಬೋರ್ಡು ಸರಿ. ನಾಲ್ಕು ಬ್ಯಾಟರಿ ಸರಿ. ಚಾರ್ಜರಿನ ಒಂದು ಗೂಡಿಗೆ ಕೊಳೆ ಕಟ್ಟಿತ್ತು. ಎರಡು ಬ್ಯಾಟರಿ ಸತ್ತಿವೆ, ಅದರಲ್ಲಿ ಇವನ ಪಾಲೂ ಇದೆ. ಎಲ್ಲಾ ನೀನೇ ಹಾಳು ಮಾಡಿದ್ದು ಎಂದು ಕೇಳಿಸಿಕೊಂಡು ಬಂದವನು, ಎರಡು ಬ್ಯಾಟರಿಯ ತಪ್ಪನ್ನು ಒಪ್ಪಿಕೊಳ್ಳಲು ತಯಾರಾಗಿಯೇ ಇದ್ದ. ಆರರ ತಪ್ಪನ್ನೂ ಒಟ್ಟಿಗೆ ಹೊರಿಸಿದ್ದಕ್ಕೆ ಅವನಿಗೆ ಬಾಯಿ ಬಂದಿರಲಿಲ್ಲ.

*

ಹೊಸ ಮಾರ್ಕರ್‌ಗಳಲ್ಲಿ ಲಿಥಿಯಂ ಬ್ಯಾಟರಿಗಳು ಬರುತ್ತಿವೆ. 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದು, 2019ರಲ್ಲಿ ಅದನ್ನು ರೂಪಿಸಿದ ಮೂವರಿಗೆ ನೊಬೆಲ್ ಕೊಡಿಸಿದ ಬ್ಯಾಟರಿ. ಫೋನು, ಸ್ಕೂಟರು, ರೇಷ್ಮೆ ಮನೆಯಲ್ಲಿ ರಾತ್ರಿ ಸೊಪ್ಪು ಹಾಕುವಾಗ ಹಣೆಗೆ ಕಟ್ಟಿಕೊಳ್ಳುವ ಲೈಟು, ಎಲ್ಲದರಲ್ಲೂ ಇದೆ. ಇದಕ್ಕೆ ಇದರದ್ದೇ ಚಾರ್ಜರ್ ಬೇಕು. ನಿಕ್ಕೆಲ್ ಬ್ಯಾಟರಿಯ ಚಾರ್ಜರಿಗೆ ಹಾಕಿದರೆ ಬೆಂಕಿ ಹತ್ತಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಇನ್ನೊಂದು ಸಲ ಚಾರ್ಜ್ ಮಾಡಿ ನೋಡುವುದು ಯಾವುದೂ ಕೂಡದು. ಸತ್ತ ಬ್ಯಾಟರಿಗಳನ್ನು ಕಸಕ್ಕೂ ಹಾಕುವಂತಿಲ್ಲ. ಗಣಿ ಮುಚ್ಚಿದ 2001ರಲ್ಲೇ ಸೀಸದ ಬ್ಯಾಟರಿಗಳ ವಿಲೇವಾರಿಗೆ ಕೇಂದ್ರ ಸರ್ಕಾರದ ನಿಯಮ ಬಂತು. 2022ರ ಹೊಸ ನಿಯಮ ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಿಸುವವರ ಮೇಲೆ ಹಾಕಿದೆ. 1 ಮತ್ತು 6ನ್ನು ಪಟ್ಟಿ ಸುತ್ತಿ ಕೋಲಾರದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕೊಟ್ಟು ಬಂದೆ.

ಹುಡುಗ ಆ ನೋಟ್‌ಬುಕ್ಕನ್ನು ಕೆಲಸಕ್ಕೆ ತೆಗೆದುಕೊಂಡು ಹೋದ. ತೋರಿಸಿದನಂತೆ. ಎರಡು ಬ್ಯಾಟರಿಯ ದುಡ್ಡು ಮಾತ್ರ ಹಿಡಿದರು. ಈಗ ಅಲ್ಲಿ ಚಾರ್ಜರಿನ ಪಕ್ಕದಲ್ಲಿ ದಾರ ಕಟ್ಟಿದ ಒಂದು ಪುಸ್ತಕ ನೇತಾಡುತ್ತದೆ. ಬೇರೆ ಹುಡುಗರೂ ಬರೆಯುತ್ತಾರೆ ಎಂದು ಫೋನಿನಲ್ಲಿ ಹೇಳಿದ.

ನನ್ನ ಮೂರನೆಯ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಜಲಪಾತ, ದಿವಾನರು, 147 ಕಿಲೋಮೀಟರ್ ತಂತಿ ಎಲ್ಲವೂ ಇರುತ್ತವೆ. ಅವುಗಳ ಜೊತೆಗೆ ಲ್ಯಾಂಪ್ ರೂಮಿನ ಕಿಟಕಿಯೂ ಇರುತ್ತದೆ. ಇಂಜಿನಿಯರುಗಳ ವರದಿ ಅಚ್ಚಾಗಿ ಗ್ರಂಥಾಲಯ ಸೇರುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದವನು ಕೈಯಲ್ಲಿ ಬರೆದ ಪುಸ್ತಕ ಅಷ್ಟು ಸುಲಭಕ್ಕೆ ಅಲ್ಲಿಗೆ ಬರುವುದಿಲ್ಲ. ತಾತನ ಬಳಿ ಉಳಿದಿರುವುದು ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಸವೆದ ಮೂರಂಕಿ.

ಇದನ್ನು ಓದುತ್ತಿರುವವರಲ್ಲಿ ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲಿನ ಕಡೆಯವರು ಇರುತ್ತೀರಿ. ಗಣಿಯಲ್ಲಿ ದುಡಿದವರ ಮನೆಯ ಅಟ್ಟದಲ್ಲಿ ನಂಬರುಗಳೂ ತಾರೀಖುಗಳೂ ಬಿಟ್ಟರೆ ಮತ್ತೇನೂ ಇಲ್ಲದ ಹಳೆಯ ಪುಸ್ತಕ ಸಿಕ್ಕಿದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅದರಲ್ಲಿ ಯಾರದೋ ತಲೆಯ ಮೇಲಿಂದ ತಪ್ಪೊಂದು ಇಳಿದ ಲೆಕ್ಕ ಇರಬಹುದು.